ರಾಜ ಸತ್ತ ಮೇಲೆ ಎಂಬತ್ತು ವರ್ಷ: ವಿಜಯನಗರದ ಪ್ರಾಂತ್ಯಗಳು ಒಡೆದ ಬಗೆ

ಅಕ್ಕನ ಮಗ ಎರಡು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದಾನೆ. ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ನಕ್ಷೆ ಮಾಡಿಟ್ಟುಕೊಂಡಿದ್ದಾನೆ. ನಡುವೆ ರಾಜಧಾನಿ, ಸುತ್ತ ಏಳು ಪ್ರಾಂತ್ಯ, ಎರಡು ನದಿ, ಮೂಲೆಯಲ್ಲೊಂದು ಡ್ರ್ಯಾಗನ್ ಬೆಟ್ಟ. ಮೂರನೇ ಅಧ್ಯಾಯದ ಕೊನೆಗೆ ಚಕ್ರವರ್ತಿ ಸಾಯುತ್ತಾನೆ. ನಾಲ್ಕನೇ ಅಧ್ಯಾಯ ಶುರುವಾಗುವ ಹೊತ್ತಿಗೆ ಏಳೂ ಪ್ರಾಂತ್ಯಗಳು ಏಳು ದೇಶ.

"ಯಾಕೋ ಒಡೆದವು?" ಅಂತ ಕೇಳಿದೆ.

"ರಾಜ ಸತ್ತನಲ್ಲ ಮಾವ."

"ಅವನ ಅಪ್ಪನೂ ಸತ್ತಿರ್ತಾನಲ್ಲ. ಆಗ ಯಾಕೆ ಒಡೀಲಿಲ್ಲ?"

ಅವನು ನಕ್ಷೆ ನೋಡಿದ. ನಾನೂ ನೋಡಿದೆ. ಕೇಳುವಾಗ ಜಾಣತನದ ಪ್ರಶ್ನೆ ಅನ್ನಿಸಿತ್ತು. ಉತ್ತರ ನನಗೂ ಗೊತ್ತಿರಲಿಲ್ಲ. ಡ್ರ್ಯಾಗನ್ ಬಗ್ಗೆ ನಾನೇನೂ ಹೇಳಲಾರೆ, ಆದರೆ ಒಡೆದ ಸಾಮ್ರಾಜ್ಯ ನಮ್ಮ ಮನೆ ಬಾಗಿಲಲ್ಲೇ ಒಂದಿದೆ. ಅದರ ಲೆಕ್ಕ ತೆಗೆದು ನೋಡೋಣ ಅಂತ ಕೂತೆ. ಅದು ಈ ಬರಹವಾಯಿತು.

ಸತ್ತದ್ದು ಯಾರು?

1565ರ ಜನವರಿ. ಕೃಷ್ಣಾ ನದಿಯ ಹತ್ತಿರ, ರಕ್ಕಸಗಿ ತಂಗಡಗಿ ಎಂಬ ಹಳ್ಳಿಗಳ ಬಯಲು. ತಾಳಿಕೋಟೆ ಯುದ್ಧ ಅಂತ ನಾವು ಓದಿದ್ದು ಇದನ್ನೇ. ದಖನ್ನಿನ ಸುಲ್ತಾನರು ಒಟ್ಟಾಗಿ ಬಂದರು. ಅಳಿಯ ರಾಮರಾಯ ಸಿಕ್ಕಿಬಿದ್ದ, ಅಹಮದ್‌ನಗರದ ಹುಸೇನ್ ನಿಜಾಮ್ ಷಾ ಅವನ ತಲೆ ತೆಗೆಸಿದ. ಸೈನ್ಯ ಚೆದುರಿತು. ಹಂಪಿ ಲೂಟಿಯಾಯಿತು. ಶಾಲೆಯ ಪಾಠದಲ್ಲಿ ವಿಜಯನಗರ ಇಲ್ಲಿಗೆ ಮುಗಿಯುತ್ತದೆ. ಮುಂದಿನ ಪಾಠ ಮೈಸೂರು ಒಡೆಯರು.

ಪಾಠದಲ್ಲಿ ಎರಡು ವಿಷಯ ಜಾರಿಹೋಗಿವೆ. ಒಂದು, ಆ ದಿನ ರಾಜ ಸಾಯಲೇ ಇಲ್ಲ. ಸಿಂಹಾಸನದ ಮೇಲಿದ್ದವನು ಸದಾಶಿವರಾಯ. ರಾಮರಾಯ ಕೃಷ್ಣದೇವರಾಯನ ಅಳಿಯ, ರಾಜ್ಯ ನಡೆಸುತ್ತಿದ್ದವನು ಅವನು. ಸದಾಶಿವನನ್ನು ಒಳಗೆ ಕೂರಿಸಿ, ವರ್ಷಕ್ಕೊಮ್ಮೆ ಹೊರಗೆ ಕರೆತಂದು ಜನರಿಗೆ ತೋರಿಸುತ್ತಿದ್ದರು ಎಂದು ಇಟಲಿಯ ವ್ಯಾಪಾರಿ ಸೀಸರ್ ಫೆಡರಿಚಿ ಬರೆದಿದ್ದಾನೆ. ಇನ್ನೊಂದು, ಸಾಮ್ರಾಜ್ಯವೂ ಅವತ್ತು ಮುಗಿಯಲಿಲ್ಲ. ಪೆನುಕೊಂಡ, ಚಂದ್ರಗಿರಿ, ವೆಲ್ಲೂರು ಅಂತ ಊರೂರು ದಾಟಿಕೊಂಡು ಇನ್ನೂ ಎಂಬತ್ತು ವರ್ಷ ಉಸಿರಾಡಿತು.

ಅಂದರೆ ನಮ್ಮ ಹುಡುಗನ ನಾಲ್ಕನೇ ಅಧ್ಯಾಯ ಒಂದು ರಾತ್ರಿಯದ್ದಲ್ಲ, ಮೂರು ತಲೆಮಾರಿನದ್ದು.

ಎರಡು ಸಲ ಒಡೆಯಲಿಲ್ಲ

ಪ್ರಕರಣಕ್ಕೆ ಹೋಗುವ ಮೊದಲು, ಇದಕ್ಕೂ ಹಿಂದೆ ರಾಜರು ಸತ್ತಾಗ ಏನಾಯಿತು ನೋಡೋಣ.

1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ. ಅವನಷ್ಟು ದೊಡ್ಡ ರಾಜ ಸತ್ತಾಗಲೇ ಒಡೆಯಬೇಕಿತ್ತು, ಅಲ್ವಾ? ಕಾರಣಗಳೂ ಇದ್ದವು. ತಮ್ಮ ಅಚ್ಯುತರಾಯನ ಕಡೆ ಕೆಲವರು, ರಾಯನ ಎಳೆಯ ಮಗನ ಕಡೆ ರಾಮರಾಯ. ಬಿಜಾಪುರದವರು ಸಮಯ ನೋಡಿ ರಾಯಚೂರು, ಮುದ್ಗಲ್ ಹೊಡೆದುಕೊಂಡರು. ದಕ್ಷಿಣದಲ್ಲಿ ಸಾಳುವ ನಾಯಕ ಎದ್ದ. ಅವನೇನು ಸಣ್ಣ ಆಸಾಮಿಯಲ್ಲ, ತಂಜಾವೂರು ನಾಗಪಟ್ಟಣದ ಕಡೆಯ ದೊಡ್ಡ ಸೀಮೆ ಅವನ ಕೈಲಿತ್ತು. ಮೂವತ್ತು ಸಾವಿರ ಕಾಲಾಳು, ಮೂರು ಸಾವಿರ ಕುದುರೆ ಇಟ್ಟುಕೊಳ್ಳಬೇಕಾದವನು. ಆದರೂ ಅಚ್ಯುತರಾಯನ ಸೈನ್ಯ ತಾಮ್ರಪರ್ಣಿಯವರೆಗೂ ಹೋಗಿ ಅವನನ್ನು ಬಗ್ಗಿಸಿತು.

1542ರಲ್ಲಿ ಅಚ್ಯುತ ಸತ್ತ. ಈ ಸಲ ಇನ್ನೂ ಕೆಟ್ಟದು. ಅವನ ಮೈದುನ ಸಲಕರಾಜು ತಿರುಮಲ, ಪಟ್ಟಕ್ಕೆ ಬಂದಿದ್ದ ಅಚ್ಯುತನ ಎಳೆ ಮಗನನ್ನೂ ನೆಂಟರನ್ನೂ ಕೊಲ್ಲಿಸಿ ತಾನೇ ಪಟ್ಟಕ್ಕೆ ಕೂತ. ರಾಮರಾಯ ಬಂದು ಅವನನ್ನು ಮುಗಿಸಿ, 1543ರಲ್ಲಿ ಸದಾಶಿವನನ್ನು ಕೂರಿಸಿದ. ಅರಮನೆಯೊಳಗೆ ರಕ್ತ ಹರಿಯಿತು. ಪ್ರಾಂತ್ಯಗಳು ಕದಲಲಿಲ್ಲ.

ಹೀಗಾಗಿ 'ರಾಜ ಸತ್ತ, ಅದಕ್ಕೆ ಒಡೆಯಿತು' ಅನ್ನೋದು ನಿಲ್ಲೋದಿಲ್ಲ. 'ವಾರಸುದಾರರ ಜಗಳ, ಅದಕ್ಕೆ ಒಡೆಯಿತು' ಅನ್ನೋದೂ ನಿಲ್ಲೋದಿಲ್ಲ. ಎರಡೂ ಆಗಿ ಎರಡು ಸಲ ಪಾರಾದ ರಾಜ್ಯ ಇದು. 1529ರಲ್ಲಿ ಇದ್ದು 1565ರ ನಂತರ ಇಲ್ಲವಾದದ್ದು ಏನೋ ಒಂದಿದೆ. ಅದನ್ನು ಹುಡುಕಬೇಕು.

ಮಹಾನವಮಿಯ ಬಾಕಿ ಲೆಕ್ಕ

ವಿಜಯನಗರದ ಪ್ರಾಂತ್ಯಗಳು ಹುಟ್ಟಿನಿಂದಲೇ ಅರ್ಧ ಬೇರೆ. ರಾಜ ಒಬ್ಬ ನಾಯಕನಿಗೆ ಸೀಮೆ ಕೊಡುತ್ತಾನೆ. ನಾಯಕ ಅಲ್ಲಿ ಕಂದಾಯ ಎತ್ತುತ್ತಾನೆ, ಸೈನ್ಯ ಸಾಕುತ್ತಾನೆ, ಕೋಟೆ ಕಾಯುತ್ತಾನೆ, ರಾಜನಿಗೆ ಗೊತ್ತುಮಾಡಿದ ಹಣ ಕಟ್ಟುತ್ತಾನೆ. ಇದನ್ನೇ ಅಮರನಾಯಕ ಪದ್ಧತಿ ಅನ್ನುವುದು. ಕುದುರೆ ವ್ಯಾಪಾರಕ್ಕೆ ಬಂದಿದ್ದ ಪೋರ್ಚುಗೀಸ ನೂನಿಜ್ 1535ರ ಸುಮಾರಿಗೆ ಬರೆದ ಲೆಕ್ಕ ಹೀಗಿದೆ: ನಾಯಕರು ಇನ್ನೂರಕ್ಕೂ ಜಾಸ್ತಿ. ಒಟ್ಟು ಹುಟ್ಟುವಳಿ 120 ಲಕ್ಷ ವರಹ. ಅದರಲ್ಲಿ 60 ಲಕ್ಷ ರಾಜನಿಗೆ. ಮಿಕ್ಕದ್ದು ನಾಯಕರ ಸೈನ್ಯಕ್ಕೆ, ಆನೆಗೆ, ಸಂಸಾರಕ್ಕೆ.

ಅಂಕಿಗಳು ದುಂಡಗಿವೆ, ಸ್ವಲ್ಪ ಅನುಮಾನದಿಂದಲೇ ಓದಬೇಕು. ಆದರೆ ಅದರ ಹಿಂದಿನ ಏರ್ಪಾಡು ಗಮನಿಸಿ. ಪ್ರಾಂತ್ಯದಲ್ಲಿ ಬೊಕ್ಕಸ ಇದೆ. ಸೈನ್ಯ ಇದೆ. ಕೋಟೆ ಇದೆ. ಗುಮಾಸ್ತರಿದ್ದಾರೆ. ಒಂದು ದೇಶಕ್ಕೆ ಬೇಕಾದದ್ದೆಲ್ಲ ಅಲ್ಲೇ ಇದೆ. ಹಾಗಾದರೆ ಇಷ್ಟು ದಿನ ಯಾಕೆ ಬೇರೆಯಾಗಲಿಲ್ಲ ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ಹಣ ಕಟ್ಟುವ ಕಾಲ ಸೆಪ್ಟೆಂಬರ್ ಸುಮಾರು, ಮಹಾನವಮಿಯ ಒಂಬತ್ತು ದಿನ. ಜಾಗ ರಾಜಧಾನಿ. ನಾಯಕರೆಲ್ಲ ಪರಿವಾರ ಕಟ್ಟಿಕೊಂಡು ಬರಬೇಕು. ಹಂಪಿಯಲ್ಲಿ ಮಹಾನವಮಿ ದಿಬ್ಬ ಹತ್ತಿದವರಿಗೆ ಗೊತ್ತು, ಮೇಲೆ ನಿಂತರೆ ಸುತ್ತಲಿನ ಬಯಲು ಪೂರ್ತಿ ಕಾಣುತ್ತದೆ. ರಾಜ ಮೇಲೆ, ನಾಯಕರ ದಂಡು ಕೆಳಗೆ. ಹಬ್ಬವೂ ಹೌದು, ವಾರ್ಷಿಕ ಲೆಕ್ಕ ತಪಾಸಣೆಯೂ ಹೌದು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಯಾರ ದಂಡು ಕಳೆದ ವರ್ಷಕ್ಕಿಂತ ಸಣ್ಣದು, ಎಲ್ಲಾ ಎಲ್ಲರ ಕಣ್ಣೆದುರು. ನಾಯಕರು ನಾಯಕರನ್ನು ನೋಡಿಕೊಳ್ಳುವ ಜಾಗವೂ ಅದೇ. ಪಕ್ಕದವನು ಬಾಕಿ ಕಟ್ಟಿದ್ದು ಕಂಡರೆ ನಾನೂ ಕಟ್ಟುತ್ತೇನೆ. ಅವನು ಬರದೇ ಇದ್ದರೆ ನಾನು ಯೋಚನೆ ಮಾಡುತ್ತೇನೆ.

ಉಳಿದ ದಿನಗಳಲ್ಲಿ? ಒಬ್ಬೊಬ್ಬ ನಾಯಕನ ಕಡೆಯ ಬರಹಗಾರ ರಾಜಧಾನಿಯಲ್ಲೇ ಇರುತ್ತಿದ್ದ. ಅರಮನೆಗೆ ಹೋಗಿ ಬಂದು, ಅಲ್ಲಿ ಏನು ನಡೆಯುತ್ತಿದೆ ಅಂತ ಧಣಿಗೆ ಬರೆದು ಕಳಿಸುವುದೇ ಅವನ ಕೆಲಸ. ಇನ್ನೂರು ಸೀಮೆಗಳ ಸುದ್ದಿ, ಸಾಲ, ಸಂಬಂಧ, ಚಾಡಿ ಎಲ್ಲ ಒಂದೇ ಊರಿನಲ್ಲಿ ಗಂಟು ಬಿದ್ದಿತ್ತು.

ಕುದುರೆ ಬಾಲದ ಬೆಲೆ

ಗಂಟಿನ ಒಳಗೆ ಇನ್ನೊಂದು ಗಂಟಿತ್ತು. ಕುದುರೆ.

ಒಳ್ಳೆ ಯುದ್ಧದ ಕುದುರೆ ನಮ್ಮಲ್ಲಿ ಹುಟ್ಟುತ್ತಿರಲಿಲ್ಲ. ಅರಬ್ ದೇಶದಿಂದ, ಹೊರ್ಮುಜ್‌ನಿಂದ ಹಡಗಿನಲ್ಲಿ ಬರಬೇಕು. ಆಮೇಲೆ ಗೋವಾ, ಭಟ್ಕಳದಂಥ ಬಂದರುಗಳಿಂದ ಘಟ್ಟ ಹತ್ತಬೇಕು. ಹಂಪಿಯ ಹಜಾರ ರಾಮ ಗುಡಿಯ ಹೊರಗೋಡೆಯಲ್ಲಿ ಕುದುರೆ ಹಿಡಿದು ನಡೆಸುವವರ ಸಾಲನ್ನು ಕಲ್ಲಿನಲ್ಲೇ ನೋಡಬಹುದು. ಸುಮ್ನೆ ಅಲಂಕಾರಕ್ಕೆ ಕೆತ್ತಿದ್ದಲ್ಲ ಅದು.

ನೂನಿಜ್ ಪ್ರಕಾರ ರಾಯ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದ. ಹೊರ್ಮುಜ್‌ನದೂ ಸೇರಿ, ನಾಡ ತಳಿಯದೂ ಸೇರಿ. ಒಳ್ಳೆಯದನ್ನು ತನ್ನ ಲಾಯಕ್ಕೆ ಕಟ್ಟಿಸಿಕೊಂಡು, ನಾಡ ಕುದುರೆಗಳನ್ನು ಸಾವಿರ ವರಹಕ್ಕೆ ಐದರಂತೆ ನಾಯಕರಿಗೇ ಮಾರುತ್ತಿದ್ದ. ದುಡ್ಡು ಸೆಪ್ಟೆಂಬರಿನಲ್ಲಿ ಕೊಡಬೇಕು. ಆ ದುಡ್ಡಿನಿಂದ ಪೋರ್ಚುಗೀಸರ ಅರಬ್ಬಿ ಕುದುರೆಯ ಬಾಕಿ ತೀರಿಸುತ್ತಿದ್ದ. ಓದಿದಾಗ ನಗು ಬಂತು. ವಿಜಯನಗರದ ಚಕ್ರವರ್ತಿ ತನ್ನ ಸಾಮಂತರಿಗೆ ಕುದುರೆ ಮಾರುವ ಸಗಟು ವ್ಯಾಪಾರಿ! ನಾಯಕನಿಗೆ ಕುದುರೆ ಬೇಕೆಂದರೆ ರಾಜ ಬೇಕು. ಕುದುರೆ ಇಲ್ಲದ ನಾಯಕ ಪಕ್ಕದವನ ಬಾಯಿಗೆ ತುತ್ತು.

ಈ ವ್ಯಾಪಾರ ನಿಂತಿದ್ದು ನಂಬಿಕೆಯ ಮೇಲೆ. 1485ರಲ್ಲಿ ಪಟ್ಟಕ್ಕೆ ಬಂದ ಸಾಳುವ ನರಸಿಂಹನ ಬಗ್ಗೆ ನೂನಿಜ್ ಒಂದು ಮಾತು ಬರೆದಿದ್ದಾನೆ. ಕುದುರೆ ಬದುಕಿರಲಿ ಸತ್ತಿರಲಿ, ಸಾವಿರ ವರಹಕ್ಕೆ ಮೂರರಂತೆ ರಾಜ ಕೊಳ್ಳುತ್ತಿದ್ದ. ಹಡಗಿನಲ್ಲಿ ಸತ್ತುಹೋದರೆ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಪೂರ್ತಿ ಬೆಲೆ. ಸಮುದ್ರದ ನಷ್ಟವನ್ನು ರಾಜನೇ ಹೊತ್ತ. ವ್ಯಾಪಾರಿ ಕಣ್ಣುಮುಚ್ಚಿ ಹಡಗು ತುಂಬಿಸಿದ.

ಈಗ 1567ಕ್ಕೆ ಬನ್ನಿ. ಯುದ್ಧವಾಗಿ ಎರಡು ವರ್ಷ. ರಾಮರಾಯನ ತಮ್ಮ ತಿರುಮಲ ಅವತ್ತು ಸದಾಶಿವನನ್ನೂ ಬೊಕ್ಕಸವನ್ನೂ ಎತ್ತಿಕೊಂಡು ಪೆನುಕೊಂಡಕ್ಕೆ ಓಡಿದ್ದ. ಐನೂರಕ್ಕೂ ಹೆಚ್ಚು ಆನೆಗಳ ಮೇಲೆ ಹೊನ್ನು ಹೇರಿಕೊಂಡು ಹೋದ ಅಂತ ಹೇಳುತ್ತಾರೆ. ಈಗ ವಾಪಸು ಬಂದು ಹಂಪಿಯಲ್ಲಿ ಮತ್ತೆ ಜನ ತುಂಬಿಸಲು ನೋಡುತ್ತಿದ್ದಾನೆ. ಅದೇ ವರ್ಷ ಫೆಡರಿಚಿ ಅಲ್ಲಿಗೆ ಬಂದ. ಏಳು ತಿಂಗಳು ಉಳಿದ. ಮನೆಗಳು ನಿಂತಿವೆ, ಒಳಗೆ ಜನ ಇಲ್ಲ, ಹುಲಿ ಮತ್ತಿತರ ಕಾಡುಪ್ರಾಣಿ ಸೇರಿಕೊಂಡಿವೆ ಎಂದು ಬರೆದ.

ತಿರುಮಲನಿಗೆ ಕುದುರೆ ಬೇಕಿತ್ತು. ಯುದ್ಧದಲ್ಲಿ ಹೋದವೇ ಜಾಸ್ತಿ. ಗೋವಾದ ವ್ಯಾಪಾರಿಗಳಿಗೆ ಹೇಳಿ ಕಳಿಸಿದ: ನಮ್ಮ ಮುದ್ರೆ ಇರುವ ಕುದುರೆ ಸಿಕ್ಕರೆ ತನ್ನಿ, ಕೇಳಿದ ಬೆಲೆ ಕೊಡುತ್ತೇನೆ, ದಾರಿಯಲ್ಲಿ ನಿಮಗೆ ತೊಂದರೆಯಾಗದಂತೆ ನೋಡಿಕೊಳ್ಳುತ್ತೇನೆ. ವ್ಯಾಪಾರಿಗಳು ತಂದರು. ಕುದುರೆಗಳೆಲ್ಲ ಲಾಯ ಸೇರಿದ ಮೇಲೆ, ಇನ್ನು ನೀವು ಹೊರಡಬಹುದು ಅಂದ. ಒಂದು ಕಾಸೂ ಕೊಡಲಿಲ್ಲ.

ಬೇರೆ ದಾರಿ ಇರಲಿಲ್ಲವೇನೋ. ಆದರೆ ಈ ಪ್ರಕರಣದ ತಿರುವು ನನಗೆ ಕಂಡದ್ದು ರಣರಂಗದಲ್ಲಲ್ಲ, ಈ ಲಾಯದ ಬಾಗಿಲಲ್ಲಿ. ಸತ್ತ ಕುದುರೆಯ ಬಾಲಕ್ಕೂ ಬೆಲೆ ಕೊಟ್ಟ ಅರಮನೆ ಬದುಕಿರುವ ಕುದುರೆಗೆ ದುಡ್ಡು ಕೊಡಲಿಲ್ಲ. ಮುಂದಿನ ಸಲ ಯಾವ ವ್ಯಾಪಾರಿ ಬರುತ್ತಾನೆ? ರಾಜನ ಲಾಯಕ್ಕೆ ಕುದುರೆ ಬರದಿದ್ದರೆ ನಾಯಕನಿಗೆ ರಾಜನಿಂದ ಏನಾಗಬೇಕು? ಮಹಾನವಮಿಗೆ ಅವನು ಯಾಕೆ ಬರಬೇಕು? ಬರಬೇಕೆಂದರೂ ಎಲ್ಲಿಗೆ?

ದಿಬ್ಬ ಹಾಗೇ ಇತ್ತು. ಊರು ಇರಲಿಲ್ಲ.

ಮೂರು ಮಕ್ಕಳಿಗೆ ಮೂರು ಪಾಲು

ಹಂಪಿಯಲ್ಲಿ ಬೇರು ಹಿಡಿಯಲಿಲ್ಲ. ತಿರುಮಲ ಮತ್ತೆ ಪೆನುಕೊಂಡ ಸೇರಿದ. ಈಗ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುತ್ತದೆ ಆ ಬೆಟ್ಟದ ಕೋಟೆ. 1570ರಲ್ಲಿ ತನ್ನ ಹೆಸರಿನಲ್ಲೇ ಪಟ್ಟ ಕಟ್ಟಿಕೊಂಡ. ಸದಾಶಿವನ ಕಥೆ ಅಲ್ಲಿಗೆ ಮುಗಿಯಿತು.

ಆಳಲು ಮೂರು ಗಂಡುಮಕ್ಕಳನ್ನು ಮೂರು ಕಡೆ ಕೂರಿಸಿದ. ತೆಲುಗು ಸೀಮೆಗೆ ಪೆನುಕೊಂಡದಲ್ಲಿ ಶ್ರೀರಂಗ, ಕನ್ನಡ ಸೀಮೆಗೆ ಶ್ರೀರಂಗಪಟ್ಟಣದಲ್ಲಿ ರಾಮ, ತಮಿಳು ಸೀಮೆಗೆ ಚಂದ್ರಗಿರಿಯಲ್ಲಿ ವೆಂಕಟಪತಿ. ಭಾಷೆಗೊಂದು ಪಾಲು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಮೊದಲು ಇನ್ನೂರು ಕಡೆಯಿಂದ ಒಂದು ಊರಿಗೆ ಬರುತ್ತಿದ್ದ ದಾರಿಗಳು ಈಗ ಮೂರು ಊರಿಗೆ ಹಂಚಿಹೋದವು. ಆಸ್ತಿ ಪಾಲಾದ ಮನೆಯಲ್ಲಿ ಹಬ್ಬಕ್ಕೆ ಎಲ್ಲರೂ ಒಂದೇ ಕಡೆ ಸೇರುವುದು ಎಷ್ಟು ವರ್ಷ ನಡೆಯುತ್ತದೆ, ನಿಮಗೂ ಗೊತ್ತು.

ಶ್ರೀರಂಗಪಟ್ಟಣ, 1610

ನಮ್ಮ ಕಡೆಯವರಿಗೆ ಈ ಭಾಗ ಶಾಪದ ಕಥೆಯಾಗಿ ಗೊತ್ತು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ. ಶಾಪ ಹಾಕಿದ ಅಲಮೇಲಮ್ಮ ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲನ ಹೆಂಡತಿ ಅಂತ ಕಥೆ. (ಇವನು ಮೇಲೆ ಹೇಳಿದ ರಾಮನ ಮಗ. ಅಜ್ಜನ ಹೆಸರೇ ಇಟ್ಟಿದ್ದಾರೆ. ಈ ವಂಶದಲ್ಲಿ ಹೆಸರುಗಳಿಗೆ ಬರ.) ಶಾಪ ನೆನಪಿದೆ. ಅದರ ಹಿಂದಿನ ವ್ಯವಹಾರ ಮರೆತುಹೋಗಿದೆ.

1586ರಲ್ಲಿ ಶ್ರೀರಂಗ ಸತ್ತಾಗ ಪಟ್ಟ ಬಂದದ್ದು ಕೊನೆಯ ತಮ್ಮ ವೆಂಕಟಪತಿಗೆ. ನಡುವಿನವನಾದ ರಾಮನ ಮಕ್ಕಳಿಗೆ ಸಿಗಲಿಲ್ಲ. ಅಂದರೆ ಶ್ರೀರಂಗಪಟ್ಟಣದ ತಿರುಮಲ ಹಕ್ಕು ತಪ್ಪಿಸಿಕೊಂಡ ಅಣ್ಣನ ಮಗ. ಚಿಕ್ಕಪ್ಪನಿಗೂ ಅವನಿಗೂ ಸರಿಯಿರಲಿಲ್ಲ. ಇತ್ತ ಮೈಸೂರಿನ ರಾಜ ಒಡೆಯರು ಊರಿಗೆ ಊರು ಸೇರಿಸಿಕೊಂಡು ಬೆಳೆಯುತ್ತಿದ್ದರು. 1610ರಲ್ಲಿ ಶ್ರೀರಂಗಪಟ್ಟಣವನ್ನೇ ತೆಗೆದುಕೊಂಡರು. ಚಕ್ರವರ್ತಿಯ ಪ್ರತಿನಿಧಿಯನ್ನು ಒಬ್ಬ ಸಾಮಂತ ಓಡಿಸಿದ್ದು ಇದು. ಅಚ್ಯುತರಾಯನ ಕಾಲವಾಗಿದ್ದರೆ ದಂಡು ಹೊರಡುತ್ತಿತ್ತು.

ವೆಂಕಟಪತಿ ದಂಡು ಕಳಿಸಲಿಲ್ಲ. 1612ರಲ್ಲಿ ಉಮ್ಮತ್ತೂರು ಮತ್ತು ಶ್ರೀರಂಗಪಟ್ಟಣವನ್ನು ರಾಜ ಒಡೆಯರಿಗೆ ತಾನೇ ಬರೆದುಕೊಟ್ಟ.

ಎರಡೂ ಕಡೆಯಿಂದ ಯೋಚಿಸಿ ನೋಡಿ. ಕೋಟೆ ಎರಡು ವರ್ಷದಿಂದ ಒಡೆಯರ ಕೈಲಿದೆ. ಚಕ್ರವರ್ತಿ ಕೊಟ್ಟರೂ ಅವರದೇ, ಕೊಡದಿದ್ದರೂ ಅವರದೇ. ಆದರೂ ಒಡೆಯರಿಗೆ ಆ ಬರಹ ಬೇಕಿತ್ತು. ಸುತ್ತಮುತ್ತಲ ಪಾಳೆಗಾರರ ಮುಂದೆ 'ಕಿತ್ತುಕೊಂಡೆ' ಅನ್ನೋದಕ್ಕೂ 'ಕೊಟ್ಟರು' ಅನ್ನೋದಕ್ಕೂ ವ್ಯತ್ಯಾಸ ಇದೆ. ಚಕ್ರವರ್ತಿಗೂ ಕೊಡುವುದು ಬೇಕಿತ್ತು. ತಡೆಯಲಾಗದ್ದನ್ನು ದಾನ ಅಂತ ಕರೆದರೆ ಮಾನ ಉಳಿಯುತ್ತದೆ, ಸ್ವಲ್ಪ ಕಪ್ಪವಾದರೂ ಬರಬಹುದು.

ಅದೇ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರುಮಾಡಿದರು. ಇದನ್ನು ನಾವು ಭಕ್ತಿ, ಸಂಪ್ರದಾಯ ಅಂತ ಓದುತ್ತೇವೆ. ಅದೂ ಇರಬಹುದು. ಆದರೆ ಮಹಾನವಮಿ ಅಂದರೆ ಲೆಕ್ಕ ಒಪ್ಪಿಸುವ ಹಬ್ಬ ಅಂತ ಗೊತ್ತಿದ್ದವರು ಅದನ್ನು ಮಾಡಿದಾಗ ಅರ್ಥ ಬೇರೆ. ಇನ್ನು ಮೇಲೆ ಬಾಕಿ ಇಲ್ಲಿ ಕಟ್ಟಿ ಅಂತ.

ಅಗಸರವನ ಗಂಟು

ವೆಂಕಟಪತಿ ಗಟ್ಟಿಗ. ಇಪ್ಪತ್ತೆಂಟು ವರ್ಷ ಎಳೆದುಕೊಂಡು ಬಂದ. 1614ರ ಅಕ್ಟೋಬರಿನಲ್ಲಿ ಸತ್ತ. ಅಕ್ಕನ ಮಗನ ನಾಲ್ಕನೇ ಅಧ್ಯಾಯಕ್ಕೆ ಅತಿ ಹತ್ತಿರದ ದೃಶ್ಯ ಇದು. ಪೋರ್ಚುಗೀಸ ಪಾದ್ರಿ ಬರ್ರಾದಾಸ್ 1616ರಲ್ಲಿ ಬರೆದ ಕಾಗದದಲ್ಲಿ ವಿವರ ಇದೆ.

ಒಬ್ಬ ರಾಣಿಗೆ ಮಗ ಇದ್ದ. ಆ ಮಗು ನಿಜವಾಗಿ ರಾಜನದಲ್ಲ, ಎಲ್ಲಿಂದಲೋ ತಂದದ್ದು ಎಂಬ ಮಾತಿತ್ತು. ರಾಜ ಸಾಯುವ ಮುಂಚೆ ಅಣ್ಣನ ಮಗ ಶ್ರೀರಂಗನಿಗೆ (1586ರಲ್ಲಿ ಸತ್ತವನಲ್ಲ, ಇವನು ಬೇರೆ) ಪಟ್ಟ ಅಂದ. ರಾಣಿಯ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಜಗ್ಗರಾಯ ಒಪ್ಪಲಿಲ್ಲ. ಶ್ರೀರಂಗನನ್ನು ಹೆಂಡತಿ ಮಕ್ಕಳ ಸಮೇತ ಸೆರೆಗೆ ಹಾಕಿದ. ಶ್ರೀರಂಗನ ಕಡೆ ನಿಂತವನು ಯಾಚಮ ನಾಯಕ. ಸೆರೆಮನೆಗೆ ಬಟ್ಟೆ ಒಗೆಯಲು ಬರುವ ಅಗಸರವನನ್ನು ಹಿಡಿದು, ಕೊಳೆಬಟ್ಟೆಯ ಗಂಟಿನಲ್ಲಿ ಒಬ್ಬ ಹುಡುಗನನ್ನು ಹೊರಗೆ ತರಿಸಿದ. ಹೆಸರು ರಾಮ. ಉಳಿದವರನ್ನೆಲ್ಲ ಜಗ್ಗರಾಯ ಮುಗಿಸಿದ.

ಆಮೇಲೆ ದಕ್ಷಿಣದ ನಾಯಕರು ಎರಡು ಪಕ್ಷ ಕಟ್ಟಿದರು. ಮಧುರೆ, ಸೆಂಜಿ ಜಗ್ಗರಾಯನ ಕಡೆ. ತಂಜಾವೂರಿನ ರಘುನಾಥ ನಾಯಕ ಯಾಚಮನ ಕಡೆ. 1616–17ರ ಸುಮಾರಿಗೆ ತಿರುಚಿರಾಪಳ್ಳಿ ಹತ್ತಿರ ತೋಪೂರಿನಲ್ಲಿ ಬಡಿದಾಡಿದರು. ಜಗ್ಗರಾಯ ಸತ್ತ. ಬಟ್ಟೆ ಗಂಟಿನ ಹುಡುಗ ಚಕ್ರವರ್ತಿಯಾದ.

ಒಂದು ವಿಷಯ ಗಮನಿಸಿ. ಇಷ್ಟು ಜನ ಸೇರಿ ಹೊಡೆದಾಡಿದ್ದು ತಾನು ಚಕ್ರವರ್ತಿಯಾಗಲಿಕ್ಕಲ್ಲ. ಮಧುರೆಯವನಿಗೆ ಆ ಕುರ್ಚಿ ಬೇಡ, ತಂಜಾವೂರಿನವನಿಗೂ ಬೇಡ. ಅಲ್ಲಿ ಕೂರುವವನು ನಮ್ಮವನಾಗಿರಲಿ, ಅಷ್ಟು ಸಾಕು. ಒಡೆದುಹೋದ ಸಾಮ್ರಾಜ್ಯದಲ್ಲಿ ಎಲ್ಲರೂ ಸಿಂಹಾಸನಕ್ಕೆ ಓಡುತ್ತಾರೆ ಅಂತ ಕಥೆಗಾರರು ಅಂದುಕೊಳ್ಳುತ್ತಾರೆ. ಇಲ್ಲಿ ಸಿಂಹಾಸನ ಯಾರಿಗೂ ಬೇಡದ ವಸ್ತುವಾಗಿತ್ತು. ಖರ್ಚು ಜಾಸ್ತಿ, ಹುಟ್ಟುವಳಿ ಇಲ್ಲ.

ನಾಯಕರ ದ್ರೋಹದಿಂದ ರಾಜ್ಯ ಹಾಳಾಯಿತು ಅನ್ನುವ ಮಾತು ನನಗೆ ಒಪ್ಪಿಗೆಯಾಗದ್ದು ಇದಕ್ಕೇ. 1565ರ ರಣರಂಗದಲ್ಲಿ ದೊಡ್ಡ ಸರದಾರರು ಕೈಕೊಟ್ಟರೆಂದು ಫೆಡರಿಚಿ ಹೇಳುತ್ತಾನೆ, ಅದಿರಲಿ. ಆಮೇಲಿನ ಐವತ್ತು ವರ್ಷ ಬಹಳಷ್ಟು ನಾಯಕರು ಶಾಸನಗಳಲ್ಲಿ ಚಕ್ರವರ್ತಿಯ ಹೆಸರು ಮೊದಲು ಬರೆಸಿ, ತಮ್ಮದನ್ನು ಕೆಳಗೆ ಬರೆಸುತ್ತಲೇ ಇದ್ದರು. ದ್ರೋಹಿ ಹೀಗೆ ಮಾಡುವುದಿಲ್ಲ. ಮನೆ ಬಿಟ್ಟು ಬೇರೆ ಒಲೆ ಹೂಡಿದ ಮಗ ಮದುವೆ ಕಾಗದದಲ್ಲಿ ಅಪ್ಪನ ಹೆಸರು ಹಾಕಿಸುವ ಹಾಗೆ ಅದು.

ನಾಣ್ಯ

ಇನ್ನೊಂದು ಗುರುತು ನಾಣ್ಯ. ಬೆಂಗಳೂರು ಕಟ್ಟಿದ ಕೆಂಪೇಗೌಡರು ಕೇಳದೆ ನಾಣ್ಯ ಹೊಡೆಸಿದರೆಂದು ರಾಮರಾಯನ ಕಾಲದಲ್ಲಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟಿದ್ದರು ಎಂಬ ಕಥೆ ನಮ್ಮಲ್ಲಿ ಬಂದಿದೆ. ಅದಾಗಿ ನೂರು ವರ್ಷದೊಳಗೆ, 1638ರಿಂದ 1659ರವರೆಗೆ ಆಳಿದ ಮೈಸೂರಿನ ಕಂಠೀರವ ನರಸರಾಜ ಒಡೆಯರು ತಮ್ಮ ಹೆಸರಿನಲ್ಲೇ ಹಣ ಹೊಡೆಸಿದರು. ಕಂಠೀರಾಯಿ ಹಣ ಅಂತ ಅದು ಊರೂರಲ್ಲಿ ಓಡಾಡಿತು. ಸೆರೆಗೆ ಕರೆಯಲು ಯಾರೂ ಬರಲಿಲ್ಲ.

ಈ ಕ್ರಮ ನೋಡಿದರೆ ಏನು ಮೊದಲು ಹೋಯಿತು, ಏನು ಕೊನೆಗೆ ಹೋಯಿತು ಅನ್ನೋದು ಕಾಣುತ್ತದೆ. ಕುದುರೆ ಮೊದಲು. ಆಮೇಲೆ ಕಪ್ಪ. ಆಮೇಲೆ ಚಕ್ರವರ್ತಿಯ ದಂಡಿನ ಭಯ. ನಾಣ್ಯ ಅದರ ನಂತರ. ಹೆಸರು ಮಾತ್ರ ಎಲ್ಲಕ್ಕಿಂತ ತಡ.

ಹೆಸರು ಎಷ್ಟು ದಿನ ಬಾಳಿತು ಅನ್ನೋದಕ್ಕೆ ಮದ್ರಾಸನ್ನೇ ನೋಡಿ. 1639ರಲ್ಲಿ ಇಂಗ್ಲಿಷರಿಗೆ ಆ ಮರಳುದಂಡೆ ಬರೆದುಕೊಟ್ಟವನು ದಾಮರ್ಲ ವೆಂಕಟಾದ್ರಿ ಎಂಬ ನಾಯಕ. ಕೋಟೆ ಕಟ್ಟಲಿಕ್ಕೆ ಅಷ್ಟು ಸಾಕಾಗಿತ್ತು. ಆದರೂ 1645ರಲ್ಲಿ ಆಗಿನ ಚಕ್ರವರ್ತಿ ಮೂರನೇ ಶ್ರೀರಂಗನಿಂದ ಅದೇ ಜಾಗಕ್ಕೆ ಇನ್ನೊಂದು ಕಾಗದ ಮಾಡಿಸಿಕೊಂಡರು. ವ್ಯಾಪಾರಿಗಳು ದಂಡಕ್ಕೆ ಕಾಗದ ಮಾಡಿಸುವವರಲ್ಲ.

ಬೇಲೂರಿನ ಚಕ್ರವರ್ತಿ

ಈ ಮೂರನೇ ಶ್ರೀರಂಗನನ್ನು ಕಂಡರೆ ಪಾಪ ಅನ್ನಿಸುತ್ತದೆ, ಪೂರ್ತಿ ಅಲ್ಲ. ಪಟ್ಟಕ್ಕೆ ಬರುವ ಮುಂಚೆ ತನ್ನ ಚಿಕ್ಕಪ್ಪನ ಮೇಲೆ ಬಿಜಾಪುರದವರನ್ನು ಕರೆತಂದವನು ಇವನೇ. 1642ರಲ್ಲಿ ತಾನು ಪಟ್ಟಕ್ಕೆ ಬಂದ ಮೇಲೆ ಎಲ್ಲರೂ ಹಳೆಯ ಹಾಗೆ ವಿಧೇಯರಾಗಿರಬೇಕು ಅಂದ. ಮಧುರೆ, ತಂಜಾವೂರು, ಸೆಂಜಿ ತಿರುಗಿಬಿದ್ದವು. ಅತ್ತ ಗೋಲ್ಕೊಂಡ, ಇತ್ತ ಬಿಜಾಪುರ. 1646ರ ಹೊತ್ತಿಗೆ ವೆಲ್ಲೂರಿನ ಸುತ್ತ ಸೋತು, ಆಳಲು ನೆಲ ಉಳಿಯಲಿಲ್ಲ.

ಸುಲ್ತಾನರ ಒತ್ತಡ ದೊಡ್ಡದೇ. ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಆ ಒತ್ತಡ 1529ರಲ್ಲೂ ಇತ್ತು. ಆಗ ಒಳಗೆ ಹಿಡಿದಿಡುವುದು ಏನೋ ಇತ್ತು. ಈಗ ಚಕ್ರವರ್ತಿ ಕರೆದರೆ ನಾಯಕರೆಲ್ಲ ದಂಡು ತರುವ ಕಾಲ ಹೋಗಿತ್ತು.

ನೆಲೆ ಕೊಟ್ಟವನು ಕೆಳದಿಯ ಶಿವಪ್ಪ ನಾಯಕ. ಬಿದನೂರಿಗೆ ಬಂದವನನ್ನು ಗೌರವದಿಂದ ಬರಮಾಡಿಕೊಂಡು, ಬೇಲೂರಿನಲ್ಲಿ ಕೂರಿಸಿದ. ಶಿವಪ್ಪ ನಾಯಕ ಲೆಕ್ಕಾಚಾರದ ಮನುಷ್ಯ. ಅವನ ಸಿಸ್ತು, ಅಂದರೆ ಹೊಲ ಅಳೆದು ಬೆಳೆ ನೋಡಿ ಕಂದಾಯ ಕಟ್ಟಿದ ಕ್ರಮ, ಮಲೆನಾಡಿನಲ್ಲಿ ಈಗಲೂ ಮಾತಿನಲ್ಲಿದೆ. ಅಂಥವನು ಸುಮ್ನೆ ಅನ್ನ ಹಾಕುತ್ತಾನಾ? ಆಮೇಲೆ ಅವನ ದಂಡು ಶ್ರೀರಂಗಪಟ್ಟಣದ ಮೇಲೆ ಹೋಯಿತು. ಯಾಕೆ ಅಂದರೆ, ಚಕ್ರವರ್ತಿಗೆ ಅವರ ರಾಜ್ಯ ವಾಪಸು ಕೊಡಿಸಲು. ಪ್ರಾಂತ್ಯ ಪ್ರಾಂತ್ಯದ ಮೇಲೆ ಬಿತ್ತು, ಸಾಮ್ರಾಜ್ಯದ ಹೆಸರು ಹೇಳಿಕೊಂಡು. ಪಟ್ಟಣ ಸಿಗಲಿಲ್ಲ. ಚಕ್ರವರ್ತಿ ಬೇಲೂರಿನಲ್ಲೇ ಉಳಿದ.

ಇಷ್ಟನ್ನೂ ಅಕ್ಕನ ಮಗನಿಗೆ ಒಂದು ಭಾನುವಾರ ಹೇಳಿದೆ. ಕಾಫಿ ಆರಿಹೋಯಿತು.

"ಚೆನ್ನಾಗಿದೆ ಮಾವ, ಆದ್ರೆ ಎಂಬತ್ತು ವರ್ಷ ಯಾರು ಓದ್ತಾರೆ?" ಅಂದ. ಅದೂ ನ್ಯಾಯವೇ.

ಆಮೇಲೆ ನಕ್ಷೆ ಬಿಡಿಸಿ, ಪಶ್ಚಿಮದ ಕಡೆ ಬೆರಳಿಟ್ಟ. ಅಲ್ಲಿ ಬಂದರೇ ಇರಲಿಲ್ಲ. "ಹಾಗಾದ್ರೆ ಇವರಿಗೆ ಕುದುರೆ ಎಲ್ಲಿಂದ ಬರುತ್ತೆ?" ಅಂತ ತನ್ನನ್ನೇ ಕೇಳಿಕೊಂಡು ಪೆನ್ಸಿಲ್ ಹುಡುಕಿದ.

ಮೊನ್ನೆ ಹೊಸ ನಾಲ್ಕನೇ ಅಧ್ಯಾಯ ಕಳಿಸಿದ್ದಾನೆ. ಯುದ್ಧ ಇಲ್ಲ. ಹಡಗಿನಿಂದ ಇಳಿದ ವ್ಯಾಪಾರಿಯೊಬ್ಬ ಖಾಲಿ ಅರಮನೆಯ ಅಂಗಳದಲ್ಲಿ ಮೂರು ದಿನದಿಂದ ಕೂತಿದ್ದಾನೆ, ತನ್ನ ದುಡ್ಡು ಕೇಳಲು. ಒಳಗಿನಿಂದ ಯಾರೋ ಬಂದು, ಹೊಸ ರಾಜರಿಗೆ ಮೈ ಸರಿಯಿಲ್ಲ, ನಾಳೆ ಬನ್ನಿ ಅನ್ನುತ್ತಾರೆ.